ರೇಡಿಯೊ ಪ್ರಶ್ನೋತ್ತರ: ನೀರಿಗಿಳಿದ ಕೂಡಲೆ ಮಾತು ಕೇಳದ ಜಲಾಂತರ್ಗಾಮಿ

ಈ ತಿಂಗಳ ಅಂಚೆಯಲ್ಲಿ ಜಲಾಂತರ್ಗಾಮಿಗಳದ್ದೇ ಸುಗ್ಗಿ. ಹಿಂದಿನ ಸಂಚಿಕೆಯಲ್ಲಿ ರಿಮೋಟ್ ದೋಣಿಯ ಬಗ್ಗೆ ಬರೆದಿದ್ದೆ. ದೋಣಿ ತೇಲಿಸಿದವರಿಗೆ ಈಗ ಅದನ್ನು ಮುಳುಗಿಸಿ ನೋಡುವ ಆಸೆ ಹುಟ್ಟಿದೆ. ಒಳ್ಳೆಯ ಆಸೆಯೇ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಮುಗಿಯುತ್ತವೆ: "ಹೊಸ ಸೆಟ್ ತರಿಸಲೇ?" ಬೇಡ. ರೇಡಿಯೊ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ದೋಷ ಎಷ್ಟು ಆಳದಲ್ಲಿ, ಯಾವ ನೀರಿನಲ್ಲಿ, ಏನು ಮಾಡಿದಾಗ ಕಾಣಿಸಿಕೊಳ್ಳುತ್ತದೆ ಎಂದು ನೋಡಬೇಕು. ಬೇಕೆಂದಾಗ ದೋಷವನ್ನು ಮರಳಿ ತರಲು ಬಂದರೆ ಅರ್ಧ ಕೆಲಸ ಮುಗಿದಂತೆ. ಬಳ್ಳಾರಿಯ ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ಇದ್ದಷ್ಟು ಕಾಲವೂ ಮಕ್ಕಳಿಗೆ ಇದನ್ನೇ ಹೇಳಿದೆ. ನಿವೃತ್ತಳಾದ ಮೇಲೂ ನನ್ನ ಮಾತು ಬದಲಾಗಿಲ್ಲ.

ಪ್ರಶ್ನೆ: ಮೇಡಂ, ಮಗಳ ವಿಜ್ಞಾನ ಪ್ರದರ್ಶನಕ್ಕೆಂದು ಪಿವಿಸಿ ಪೈಪಿನಲ್ಲಿ ಜಲಾಂತರ್ಗಾಮಿ ಮಾಡಿದ್ದೇವೆ. ರಿಮೋಟ್ ಕಾರಿನ 2.4 ಗಿಗಾಹರ್ಟ್ಸ್ ಸೆಟ್ ಹಾಕಿದ್ದೇವೆ. ಅಂಗಳದಲ್ಲಿ ನೂರು ಅಡಿ ದೂರದಿಂದಲೂ ಕೆಲಸ ಮಾಡುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿದರೂ ಮಾಡುತ್ತದೆ. ಹೊಲದ ಬಾವಿಗೆ ಬಿಟ್ಟರೆ ಒಂದು ಗೇಣು ಇಳಿಯುವಷ್ಟರಲ್ಲಿ ಸತ್ತಂತಾಗುತ್ತದೆ. ಹೆಚ್ಚು ಪವರಿನ ರಿಮೋಟ್ ತರಿಸಬಹುದೇ?
— ಗೊಬ್ಬರದ ಅಂಗಡಿಯವರು, ಸಿಂಧನೂರು

ಉತ್ತರ: ನಿಮ್ಮ ಸೆಟ್ ಸರಿಯಾಗಿಯೇ ಇದೆ. 2.4 ಗಿಗಾಹರ್ಟ್ಸ್ ಅಲೆ ನೀರಿನೊಳಗೆ ನಡೆದುಕೊಳ್ಳುವುದೇ ಹೀಗೆ. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುತ್ ಇದೆ. ಅಲೆ ಬಂದಾಗ ಅಣು ಅದರೊಂದಿಗೆ ತಿರುಗಲು ಹೋಗಿ, ಹಿಂದೆ ಬಿದ್ದು, ಅಲೆಯ ಶಕ್ತಿಯನ್ನು ಶಾಖವಾಗಿ ನುಂಗಿಬಿಡುತ್ತದೆ. ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದೂ ಹೆಚ್ಚುಕಡಿಮೆ ಇದೇ ಆವರ್ತನದಲ್ಲಿ, ಇದೇ ಕಾರಣದಿಂದ.

ಲೆಕ್ಕ ಹಾಕಿ ನೋಡಿ. ಅಲೆ ನೀರಿನ ಮೇಲ್ಮೈಗೆ ಬಡಿದಾಗಲೇ ಅದರ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಹಿಂದಕ್ಕೆ ಚಿಮ್ಮುತ್ತದೆ. ಒಳಗೆ ಹೋದದ್ದು ಪ್ರತಿ ಒಂದೂಕಾಲು ಸೆಂಟಿಮೀಟರಿಗೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಆಳದಲ್ಲಿ ಇನ್ನೂರೈವತ್ತರಲ್ಲಿ ಒಂದು ಪಾಲು ಉಳಿಯುತ್ತದೆ, ಇಪ್ಪತ್ತು ಸೆಂಟಿಮೀಟರಿನಲ್ಲಿ ಅರವತ್ತು ಸಾವಿರದಲ್ಲಿ ಒಂದು ಪಾಲು. ನೀವು ಹೇಳುವ ಗೇಣಿನ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಪವರ್ ಹೆಚ್ಚಿಸಿದರೆ ಏನಾಗುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಎರಡು ಪಟ್ಟು ಪವರಿನ ರಿಮೋಟ್ ತಂದರೆ ಸಿಗುವುದು ಒಂದೂಕಾಲು ಸೆಂಟಿಮೀಟರ್, ಹತ್ತು ಪಟ್ಟಿನದಕ್ಕೆ ನಾಲ್ಕು. ಅಷ್ಟಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ.

ಬಕೆಟ್ಟಿನಲ್ಲಿ ಕೆಲಸ ಮಾಡಿದ್ದು ನಿಮ್ಮನ್ನು ದಾರಿ ತಪ್ಪಿಸಿದೆ. ಪ್ಲಾಸ್ಟಿಕ್ ಬಕೆಟ್ಟಿನ ನಡುವೆ ಇಟ್ಟ ವಸ್ತುವಿಗೆ ಪಕ್ಕದಿಂದ ಒಂದು ಗೇಣಿಗಿಂತ ಕಡಿಮೆ ನೀರು ಅಡ್ಡ ಇರುತ್ತದೆ, ಅಲೆ ಆ ಪಕ್ಕದಿಂದ ನುಸುಳಿ ಬಂದಿದೆ. ಬಾವಿಯಲ್ಲಿ ಪಕ್ಕದ ದಾರಿ ಇಲ್ಲ, ಮೇಲಿನಿಂದಲೇ ಬರಬೇಕು. ಪರೀಕ್ಷೆಯನ್ನು ನೆಲದೊಳಗಿನ ಸಿಮೆಂಟ್ ತೊಟ್ಟಿಯಲ್ಲಿ ಮಾಡಿ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, ಬ್ಯಾಟರಿ, ಒಂದು ಸರ್ವೊ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರ್) ಇಷ್ಟನ್ನೇ ಮುಚ್ಚಳ ಬಿಗಿಯಾದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕಲ್ಲಿನ ಭಾರ ಕಟ್ಟಿ, ಅಳತೆ ಗುರುತು ಹಾಕಿದ ದಾರದಲ್ಲಿ ಇಳಿಸುತ್ತಾ ಹೋಗಿ. ಮಗಳು ರಿಮೋಟ್ ಆಡಿಸಲಿ, ನೀವು ಸರ್ವೊ ನಿಂತ ಆಳವನ್ನು ಬರೆದುಕೊಳ್ಳಿ. ಪ್ರದರ್ಶನದಲ್ಲಿ ಆ ಕಾಗದವನ್ನೂ ಪಕ್ಕದಲ್ಲಿ ಇಡಿ. ನಾನು ತೀರ್ಪುಗಾರಳಾಗಿ ಬಂದರೆ ಜಲಾಂತರ್ಗಾಮಿಗಿಂತ ಮೊದಲು ಅದನ್ನೇ ಓದುತ್ತೇನೆ.

ಇದೇ ಸೆಟ್ಟಿನಲ್ಲಿ ಕೆಲಸ ಸಾಗಿಸಬೇಕೆಂದರೆ ಆಂಟೆನಾವನ್ನು ನೀರಿನ ಮೇಲೆ ಉಳಿಸಬೇಕು. ರಿಸೀವರಿನಿಂದ ಹೊರಡುವ ತೆಳು ಬೂದು ತಂತಿಯನ್ನು ಗಮನವಿಟ್ಟು ನೋಡಿ. ಅದು ಉದ್ದಕ್ಕೂ ಆಂಟೆನಾ ಅಲ್ಲ, ತುದಿಯಲ್ಲಿ ಹೊರಕವಚವಿಲ್ಲದ 31 ಮಿಲಿಮೀಟರ್ ಮಾತ್ರ ಆಂಟೆನಾ. ಉಳಿದದ್ದು ಅಲೆಯನ್ನು ಹೊತ್ತು ತರುವ ಕೋಆಕ್ಸಿಯಲ್ ಕೇಬಲ್. ಆ ತುದಿಯನ್ನು ಮೇಲಿನ ಗೋಪುರದಲ್ಲಿ, ಪೆರಿಸ್ಕೋಪಿನಂತೆ ನಿಲ್ಲಿಸಿದ ಪ್ಲಾಸ್ಟಿಕ್ ಕೊಳವೆಯೊಳಗೆ ನೇರವಾಗಿ ಕೂರಿಸಿ. ಕೊಳವೆ ನೀರಿನ ಮೇಲೆ ಎರಡು ಇಂಚು ಕಾಣುವಷ್ಟು ಆಳಕ್ಕೆ ನಡೆಸಿದರೆ ಕೆರೆಯ ಆಚೆ ದಡದವರೆಗೂ ಮಾತು ಕೇಳುತ್ತದೆ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಕೇಬಲ್ಲನ್ನು ಒಂದು ಮೀಟರಿನಷ್ಟು ಮುಂದುವರಿಸಿ, ತುದಿಗೆ ಥರ್ಮೋಕೋಲ್ ತೇಲು ಕಟ್ಟಿ. ಆ ಒಂದು ಮೀಟರ್ ಕೇಬಲ್ಲಿನಲ್ಲಿ ಕಳೆದುಹೋಗುವುದು ಸುಮಾರು ಎರಡು ಡೆಸಿಬೆಲ್ (ಪ್ರತಿ ಹತ್ತು ಡೆಸಿಬೆಲ್ಲಿಗೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ). ಅದೇ ಒಂದು ಮೀಟರ್ ನೀರಿನಲ್ಲಿ ಇನ್ನೂರನ್ನೂ ದಾಟುತ್ತದೆ. ತೇಲಿನಲ್ಲಿ ತುದಿ ಮಲಗಬಾರದು, ಖಾಲಿ ಬಾಲ್‌ಪೆನ್ನಿನ ಕೊಳವೆ ಸಿಕ್ಕಿಸಿ ನಿಲ್ಲಿಸಿ. ಕೇಬಲ್ಲನ್ನು ಗೋಪುರದ ಹಿಂಬದಿಯಿಂದ ಹೊರಡಿಸಿ, ಇಲ್ಲವಾದರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಬೆಸುಗೆ ಹಾಕಿದ ಜಾಗದ ಮೇಲೆ, ಒಳಗೆ ಅಂಟು ಸವರಿರುವ ಹೀಟ್‌ಶ್ರಿಂಕ್ ಕೊಳವೆಯನ್ನು (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿ ಬಿಸಿ ಮಾಡಿ. ಕೇಬಲ್ಲಿನ ಹೆಣಿಗೆಯೊಳಗೆ ನೀರು ಇಳಿದರೆ ಆ ಕೇಬಲ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಹಳೆಯ ಆಟಿಕೆಯ 27 ಮೆಗಾಹರ್ಟ್ಸ್ ಸೆಟ್ ಬಳಸಿದ್ದೇನೆ. ನಮ್ಮ ಹಾಸ್ಟೆಲ್ಲಿನ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿದೆ, ಅಲ್ಲಿ ಎರಡು ಅಡಿಗೆ ಕೈ ಕೊಡುತ್ತದೆ. ಮಳೆ ಬಂದ ಮೇಲೆ ಊರ ಕೆರೆಯ ಕೆಂಪು ನೀರಿಗೆ ಬಿಟ್ಟೆ. ಏನೂ ಕಾಣದಂಥ ಕೆಸರಿನಲ್ಲಿ ತಳ ಮುಟ್ಟುವವರೆಗೂ ಮಾತು ಕೇಳಿತು. ಇದು ತಿರುವುಮುರುವಾಗಬೇಕಿತ್ತಲ್ಲವೇ?
— ಡಿಪ್ಲೊಮಾ ವಿದ್ಯಾರ್ಥಿ, ಯಲಬುರ್ಗಾ

ಉತ್ತರ: ತಮ್ಮಾ, ನೀನು ನೋಡಿದ್ದನ್ನು ನೋಡಿದ ಹಾಗೆಯೇ ಬರೆದಿದ್ದೀಯೆ. ಕೆಸರಿನಲ್ಲಿ ಕೆಲಸ ಮಾಡಿದ್ದು ಆಕಸ್ಮಿಕ ಎಂದು ತಳ್ಳಿಹಾಕದೆ ಕೇಳಿದ್ದಕ್ಕೆ ನನಗೆ ನಿಜವಾಗಿ ಸಂತೋಷವಾಯಿತು.

ಕಣ್ಣಿಗೆ ಅಡ್ಡ ಬರುವುದು ಮಣ್ಣಿನ ಕಣ. 27 ಮೆಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ ಹನ್ನೊಂದು ಮೀಟರ್, ನೀರಿನೊಳಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಉದ್ದದ ಅಲೆಗೆ ಎರೆ ಮಣ್ಣಿನ, ಕೆಮ್ಮಣ್ಣಿನ ಕಣಗಳು ಲೆಕ್ಕಕ್ಕೇ ಇಲ್ಲ. ಈ ಆವರ್ತನದಲ್ಲಿ ನೀರಿನ ಅಣು ನುಂಗುವುದೂ ಬಹಳ ಕಡಿಮೆ. ಇಲ್ಲಿ ಅಡ್ಡಿ ಮಾಡುವುದು ಕರಗಿದ ಉಪ್ಪು. ಉಪ್ಪು ಕರಗಿದಷ್ಟೂ ನೀರು ವಿದ್ಯುತ್ ಹರಿಸುತ್ತದೆ, ವಿದ್ಯುತ್ ಹರಿದಷ್ಟೂ ಅಲೆ ಸೊರಗುತ್ತದೆ. ಹಾಸ್ಟೆಲ್ ತೊಟ್ಟಿಗೆ ಬರುವುದು ಬೋರ್‌ವೆಲ್ ನೀರು ಎಂದುಕೊಂಡಿದ್ದೇನೆ. ನಮ್ಮ ಭಾಗದ ಸವಳು ನೀರು ಎಷ್ಟು ತಿಳಿಯಾಗಿದ್ದರೂ ಉಪ್ಪಿನಿಂದ ಭಾರವಾಗಿರುತ್ತದೆ. ಕೆರೆಗೆ ಬಂದದ್ದು ಮಳೆ ನೀರು. ಕೆಂಪಾಗಿದ್ದರೂ ಅದರಲ್ಲಿ ಉಪ್ಪು ಕಡಿಮೆ.

ನಂಬಲು ಅಳತೆ ಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ, ಆರ್‌ಒ ದುರಸ್ತಿಯವರ ಬಳಿ ಇರುವ ಟಿಡಿಎಸ್ ಮೀಟರ್ ಸಾಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಬಳ್ಳಾರಿಯಲ್ಲಿ ನಮ್ಮ ಮನೆಯ ಬೋರಿನ ನೀರು 1,800ರ ಆಸುಪಾಸು ತೋರಿಸುತ್ತದೆ. ಸಿರುಗುಪ್ಪದ ಬಳಿ ನನ್ನ ತಮ್ಮನ ಕೃಷಿ ಹೊಂಡಕ್ಕೆ ಕಾಲುವೆ ನೀರು ತುಂಬಿದಾಗ 300 ದಾಟುವುದಿಲ್ಲ. ಈ ಎರಡು ನೀರಿನ ನಡುವೆ ಲೆಕ್ಕ ಹಾಕಿದರೆ, ಒಂದೇ ಸೆಟ್ ಹೊಂಡದಲ್ಲಿ ನಾಲ್ಕೈದು ಪಟ್ಟು ಆಳದವರೆಗೆ ಮಾತು ಕೇಳಬೇಕು. ನಾನು ಮಾದರಿಗಳನ್ನು ಮನೆಯ ತೊಟ್ಟಿಯಲ್ಲಿ ಪರೀಕ್ಷಿಸದೆ ಸಿರುಗುಪ್ಪದ ಬಸ್ ಹತ್ತುವುದು ಇದೇ ಕಾರಣಕ್ಕೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಉಪ್ಪು. ಕಾರವಾರಕ್ಕೆ ಒಯ್ದರೆ ನಿನ್ನ 27 ಮೆಗಾಹರ್ಟ್ಸ್ ಅಲೆ ಐದು ಸೆಂಟಿಮೀಟರಿಗೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಮುಂದಿನ ಐದಕ್ಕೆ ಮತ್ತೆ ಮೂರನೇ ಒಂದು ಭಾಗಕ್ಕೆ.

ಇನ್ನೊಂದು ಸಂಗತಿ. ಗಾಳಿಯಿಂದ ನೀರಿಗೆ ಇಳಿಯುವ ರೇಡಿಯೊ ಅಲೆ ಎಷ್ಟೇ ಓರೆಯಾಗಿ ಬಂದರೂ ಒಳಗೆ ಹೋದ ಮೇಲೆ ಹೆಚ್ಚುಕಡಿಮೆ ನೇರವಾಗಿ ಕೆಳಕ್ಕೇ ಇಳಿಯುತ್ತದೆ, ಲಂಬದಿಂದ ಆರೇಳು ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಹಾಗಾಗಿ ದಡದಿಂದ ದೂರ ಹೋದಂತೆ ನೀರಿನೊಳಗಿನ ದಾರಿ ಉದ್ದವಾಗುವುದಿಲ್ಲ, ಆಳ ಹೆಚ್ಚಿದಂತೆ ಉದ್ದವಾಗುತ್ತದೆ. ಹತ್ತಿರದಲ್ಲಿಯೇ ನಿಂತು ನಡೆಸುತ್ತೇನೆ, ಆಳಕ್ಕೆ ಹೋದರೂ ಪರವಾಗಿಲ್ಲ ಎಂದುಕೊಳ್ಳಬೇಡ.

ಆಂಟೆನಾ ತಂತಿಯನ್ನು ಸುರುಳಿ ಸುತ್ತದೆ ಒಡಲಿನ ಉದ್ದಕ್ಕೂ ಚಾಚಿ ಅಂಟಿಸು. ಕತ್ತರಿಸಿದ ತುದಿಗೆ ಒಂದು ಹನಿ ಅರಾಲ್ಡೈಟ್ ಇಡು, ಬರಿಯ ತಾಮ್ರ ನೀರಿಗೆ ತಾಗಬಾರದು. ರಿಮೋಟಿನ ಕಡ್ಡಿ ಆಂಟೆನಾವನ್ನು ಪೂರ್ತಿ ಎಳೆದು ಹಿಡಿ, ಅದರ ಮೊನೆಯನ್ನು ಮಾದರಿಯತ್ತ ಚಾಚಬೇಡ. ಮೊನೆಯ ದಿಕ್ಕಿನಲ್ಲಿ ಅಲೆ ಅತ್ಯಂತ ದುರ್ಬಲ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ನಮ್ಮ ದೇಶದಲ್ಲಿ 5 ವ್ಯಾಟ್ ಮೀರದ ಸೆಟ್ಟಿಗೆ ಲೈಸೆನ್ಸ್ ಬೇಡ. ಹೊರದೇಶದ ಬೇರೆ ಆವರ್ತನದ ಸೆಟ್ ತರಿಸುವ ಮನಸ್ಸಿದ್ದರೆ ಮೊದಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ನಿಯಮ ನೋಡು.

ಪ್ರಶ್ನೆ: ಮೊಬೈಲಿನ ಬ್ಲೂಟೂತ್‌ನಿಂದ ಜಲಾಂತರ್ಗಾಮಿ ನಡೆಸಬಹುದೇ?
— ಮಾನ್ವಿಯ ಓದುಗರು

ಉತ್ತರ: ಬ್ಲೂಟೂತ್ ಇರುವುದೂ 2.4 ಗಿಗಾಹರ್ಟ್ಸ್‌ನಲ್ಲಿಯೇ, ಪವರ್ ಇನ್ನೂ ಕಡಿಮೆ. ಸಿಂಧನೂರಿನವರಿಗೆ ಕೊಟ್ಟ ಉತ್ತರವನ್ನೇ ಓದಿಕೊಳ್ಳಿ. ಆಳವೇ ಮುಖ್ಯವಾದರೆ ರೇಡಿಯೊ ಬಿಟ್ಟು ಕೇಬಲ್ಲಿನಿಂದ ನಡೆಸಿ. ಕಂಪ್ಯೂಟರ್ ನೆಟ್‌ವರ್ಕಿನ ಎಂಟು ಎಳೆಯ ಕೇಬಲ್ ಚೆನ್ನಾಗಿ ಒದಗುತ್ತದೆ. ಸಮುದ್ರದ ತಳ ಶೋಧಿಸುವ ದೊಡ್ಡ ಯಂತ್ರಗಳೂ ಕೇಬಲ್ ಕಟ್ಟಿಕೊಂಡೇ ಇಳಿಯುತ್ತವೆ.

ಪ್ರಶ್ನೆ: ನಮಸ್ಕಾರ ಅಕ್ಕಾ. ಹಳೆಯ ಕಾರ್ಡ್‌ಲೆಸ್ ಡ್ರಿಲ್ಲಿನ ಮೋಟಾರ್ ಹಾಕಿ ಮೂರಡಿ ಉದ್ದದ ಜಲಾಂತರ್ಗಾಮಿ ಮಾಡಿದ್ದೇನೆ. ಮೋಟಾರ್ ನಿಂತಿದ್ದಾಗ ಚುಕ್ಕಾಣಿ ಸರಿಯಾಗಿ ತಿರುಗುತ್ತದೆ. ಮೋಟಾರ್ ಹಾಕಿದ ಕೂಡಲೆ ಚುಕ್ಕಾಣಿ ಗಡಗಡ ನಡುಗುತ್ತದೆ, ಕೆಲವು ಸಲ ಒಂದೇ ಕಡೆಗೆ ತಿರುಗಿ ನಿಲ್ಲುತ್ತದೆ. ನೆಲದ ಮೇಲೂ ಹೀಗೆಯೇ. ಎರಡು ರಿಸೀವರ್ ಬದಲಾಯಿಸಿದೆ.
— ಜೀನ್ಸ್ ಘಟಕದ ಮೆಕ್ಯಾನಿಕ್, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮೂರನೆಯ ರಿಸೀವರ್ ತರಬೇಡಿ. ನೆಲದ ಮೇಲೂ ಬರುತ್ತದೆ ಎಂದು ಬರೆದಿದ್ದೀರಿ, ಅಲ್ಲಿಗೆ ನೀರಿನ ಪಾತ್ರ ಇಲ್ಲ ಎಂದಾಯಿತು. ಮೋಟಾರ್ ಹಾಕಿದಾಗ ಮಾತ್ರ ಬರುತ್ತದೆ. ಇನ್ನು ಉಳಿದ ಮುಖ್ಯ ಸಾಧ್ಯತೆ ಎರಡು: ಮೋಟಾರಿನ ಬ್ರಶ್ಶಿನಿಂದ ಹಾರುವ ಕಿಡಿ ರೇಡಿಯೊಗೆ ಗದ್ದಲವಾಗಿ ಕೇಳಿಸುತ್ತಿದೆ, ಇಲ್ಲವೇ ಮೋಟಾರ್ ಕರೆಂಟ್ ಎಳೆದಾಗ ರಿಸೀವರಿಗೆ ವೋಲ್ಟೇಜ್ ಸಾಲುತ್ತಿಲ್ಲ.

ಇವೆರಡನ್ನೂ ಬೇರ್ಪಡಿಸಲು ಒಂದು ಬಲ್ಬ್ ಸಾಕು. ಮೋಟಾರಿನ ತಂತಿ ಬಿಚ್ಚಿ, ಅದರ ಜಾಗಕ್ಕೆ ಕಾರಿನ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸ್ಪೀಡ್ ಕಂಟ್ರೋಲರಿಗೆ (ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಘಟಕ) ಜೋಡಿಸಿ. ನಿಮ್ಮ ಮೋಟಾರ್ ಹೆಚ್ಚು ಎಳೆಯುವಂಥದ್ದಾದರೆ ಎರಡು ಮೂರು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿ. ಬಲ್ಬ್ ಕರೆಂಟ್ ಎಳೆಯುತ್ತದೆ, ಕಿಡಿ ಹಾರಿಸುವುದಿಲ್ಲ. ಈಗ ನಡುಕ ನಿಂತರೆ ತಪ್ಪು ಬ್ರಶ್ಶಿನದು. ಬಲ್ಬ್ ಉರಿಯುವಾಗಲೂ ನಡುಗಿದರೆ ಮಲ್ಟಿಮೀಟರನ್ನು ರಿಸೀವರಿನ ಬ್ಯಾಟರಿ ಕಡ್ಡಿಗಳಿಗೆ ಹಿಡಿದು ನೋಡಿ. 5 ವೋಲ್ಟ್ ಇರಬೇಕಾದಲ್ಲಿ ಮುಳ್ಳು ಕುಸಿಯುತ್ತಿದ್ದರೆ ರಿಸೀವರಿಗೆ ಬೇರೆ ಬ್ಯಾಟರಿ ಕೊಡಿ, 4.8 ವೋಲ್ಟಿನ ನಾಲ್ಕು ಸೆಲ್ಲಿನ ಕಟ್ಟು. ಆಗ ಸ್ಪೀಡ್ ಕಂಟ್ರೋಲರಿನಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ ನಡುವಿನ ಕೆಂಪು ತಂತಿಯನ್ನು ಬಿಡಿಸಿಡಲು ಮರೆಯಬೇಡಿ.

ಡ್ರಿಲ್ ಮೋಟಾರ್ ಎಂದ ಮೇಲೆ ಕಿಡಿಯೇ ಇರಬಹುದು ಎಂಬುದು ನನ್ನ ಅಂದಾಜು. 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್ ಮೂರು ಬೇಕು. ರೇಡಿಯೊ ಬಿಡಿಭಾಗದ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಒಂದನ್ನು ಮೋಟಾರಿನ ಎರಡು ಕಡ್ಡಿಗಳ ನಡುವೆ ಬೆಸೆಯಿರಿ. ಉಳಿದ ಎರಡರ ಒಂದೊಂದು ಕಾಲನ್ನು ಒಂದೊಂದು ಕಡ್ಡಿಗೆ, ಇನ್ನೊಂದು ಕಾಲನ್ನು ಮೋಟಾರಿನ ಲೋಹದ ಕವಚಕ್ಕೆ. ಹೆಚ್ಚಿನವರು ಸೋಲುವುದು ಈ ಕವಚದಲ್ಲಿಯೇ. ಹೊಳೆಯುವ ಲೇಪನದ ಮೇಲೆ ಸೀಸ ನಿಲ್ಲುವುದಿಲ್ಲ, ಮುತ್ತಿನಂತೆ ಉರುಳಿ ಬೀಳುತ್ತದೆ. ಬೆರಳ ಉಗುರಿನಷ್ಟು ಜಾಗವನ್ನು ಅರದಿಂದ ಉಜ್ಜಿ, ಒಳಗಿನ ಲೋಹ ಕಂಡ ಮೇಲೆ ಫ್ಲಕ್ಸ್ ಸವರಿ. 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ ಇದಕ್ಕೆ ಸಾಲದು, 60 ವ್ಯಾಟಿನದನ್ನು ಚೆನ್ನಾಗಿ ಕಾಯಿಸಿ ಒಂದೇ ಸಲಕ್ಕೆ ಸೀಸ ಹರಿಯುವಂತೆ ಮಾಡಿ. ತಡ ಮಾಡಿದಷ್ಟೂ ಒಳಗಿನ ಅಯಸ್ಕಾಂತಕ್ಕೆ ಶಾಖ ತಗಲುತ್ತದೆ. ಕೆಪಾಸಿಟರಿನ ಕಾಲುಗಳು ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು. ಉದ್ದದ ಕಾಲು ತಾನೇ ಗದ್ದಲ ಹರಡುವ ಆಂಟೆನಾ ಆಗುತ್ತದೆ. ಆಮೇಲೆ ಮೋಟಾರಿನ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು, ಆಂಟೆನಾದಿಂದ ಆದಷ್ಟು ದೂರ ಒಯ್ಯಿರಿ.

ಇಷ್ಟಾದ ಮೇಲೂ ಆಗಾಗ ಒಂದೊಂದು ನಡುಕ ಉಳಿದರೆ ಪ್ರೊಪೆಲ್ಲರ್ ದಂಡವನ್ನು ನೋಡಿ. ಉಕ್ಕಿನ ದಂಡ ಹಿತ್ತಾಳೆ ಕೊಳವೆಯೊಳಗೆ ತಿರುಗುವಾಗ ಲೋಹಕ್ಕೆ ಲೋಹ ತಾಗುತ್ತಾ ಬಿಡುತ್ತಾ ಇದ್ದರೆ ಅದೂ ಗದ್ದಲವೇ. ಮೋಟಾರಿಗೂ ದಂಡಕ್ಕೂ ನಡುವೆ ಗಟ್ಟಿ ರಬ್ಬರ್ ಕೊಳವೆಯ ಜೋಡಣೆ ಕೊಟ್ಟರೆ ನಿಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಣ್ಣಾ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ನಡುಕ ಹೋಗುತ್ತದೆ, ಯಾವುದರಿಂದ ಹೋಯಿತು ಎಂದು ತಿಳಿಯದೆ ಮುಂದಿನ ಮಾದರಿಯಲ್ಲಿ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಪ್ರಶ್ನೆ: ಟೀಚರ್, ನಮ್ಮ ಆಟಿಕೆಗೇ ಸಿಗ್ನಲ್ ಹೋಗದಿದ್ದರೆ ನೌಕಾಪಡೆಯ ಜಲಾಂತರ್ಗಾಮಿಗೆ ಹೇಗೆ ಸಂದೇಶ ಕಳುಹಿಸುತ್ತಾರೆ?
— ಒಂಬತ್ತನೆಯ ತರಗತಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಆವರ್ತನವನ್ನು ತುಂಬ ಕೆಳಕ್ಕೆ ಇಳಿಸಿ ಕಳುಹಿಸುತ್ತಾರೆ, ಮಗಳೇ. 3ರಿಂದ 30 ಕಿಲೋಹರ್ಟ್ಸ್ ನಡುವಿನ ಅಲೆಗಳು ಉಪ್ಪು ನೀರಿನಲ್ಲಿಯೂ ಕೆಲವು ಮೀಟರುಗಳಷ್ಟು ಆಳಕ್ಕೆ ಇಳಿಯುತ್ತವೆ. ತಮಿಳುನಾಡಿನ ತಿರುನಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ನೌಕಾಪಡೆಯ ಕೇಂದ್ರ 1990ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿಂದ ಹೊರಡುವ 18.2 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಹದಿನಾರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಆಕಾಶಕ್ಕೆ ಚಾಚಿದ ಗೋಪುರಗಳೂ ಎಕರೆಗಟ್ಟಲೆ ಜಾಗವೂ ಬೇಕು. ಎರಡನೆಯ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ ಅಡಿಗಲ್ಲು ಹಾಕಿದರು. ನಕ್ಷೆ ತೆಗೆದು ನೋಡು, ನಮ್ಮ ರಾಯಚೂರು ಜಿಲ್ಲೆಗೆ ಅದು ಬಹಳ ದೂರವಲ್ಲ. ಕಡಲಿಗೆ ಇಷ್ಟು ದೂರದಲ್ಲಿ ಏಕೆ ಎಂದು ಕೇಳಬಹುದು. ಇಷ್ಟು ಕೆಳಗಿನ ಆವರ್ತನದ ಅಲೆಗಳು ಭೂಮಿಯ ಮೈ ಹಿಡಿದು ಸಾವಿರಾರು ಕಿಲೋಮೀಟರ್ ಸಾಗುತ್ತವೆ.

ಆದರೆ ಈ ದಾರಿಯಲ್ಲಿ ಮಾತು ಒಂದೇ ಕಡೆಗೆ ಸಾಗುತ್ತದೆ, ಅದೂ ಬಹಳ ನಿಧಾನವಾಗಿ. ಧ್ವನಿಯೋ ಚಿತ್ರವೋ ಹೋಗುವುದಿಲ್ಲ, ಚಿಕ್ಕ ಸಂಕೇತ ಸಂದೇಶ ಹೋಗುತ್ತದೆ. ಜಲಾಂತರ್ಗಾಮಿಯೊಳಗೆ ಅಂಥ ಗೋಪುರ ಹಿಡಿಸುವುದಿಲ್ಲವಾದ್ದರಿಂದ ಅದು ಇದೇ ದಾರಿಯಲ್ಲಿ ಉತ್ತರಿಸಲಾರದು. ಉತ್ತರ ಕೊಡಬೇಕಿದ್ದರೆ ಮೇಲೆ ಬಂದು ಆಂಟೆನಾ ಎತ್ತಬೇಕು, ಇಲ್ಲವೇ ಆಂಟೆನಾ ಇರುವ ತೇಲನ್ನು ಮೇಲಕ್ಕೆ ಬಿಡಬೇಕು. ಸಿಂಧನೂರಿನ ಅಕ್ಕನಿಗೆ ಥರ್ಮೋಕೋಲ್ ತೇಲು ಕಟ್ಟಲು ಹೇಳಿದ್ದೆನಲ್ಲ, ನೌಕಾಪಡೆಯವರು ಮಾಡುವುದೂ ಅದನ್ನೇ.

ಪ್ರಶ್ನೆ: ಕಾಲುವೆಯಲ್ಲಿ ಬಿಟ್ಟ ಜಲಾಂತರ್ಗಾಮಿ ಮುಳುಗಿದ್ದು ಮೇಲೆ ಬರಲೇ ಇಲ್ಲ. ರಿಮೋಟ್ ಒತ್ತಿ ಒತ್ತಿ ಸಾಕಾಯಿತು. ಮುಂದಿನದನ್ನು ಜಲಾಶಯದ ಹಿನ್ನೀರಿನಲ್ಲಿ ಬಿಡೋಣ ಎಂದಿದ್ದೇವೆ. ಕಳೆದುಹೋಗದಂತೆ ಏನು ಮಾಡಬೇಕು?
— ಇಬ್ಬರು ಗೆಳೆಯರು, ಮುನಿರಾಬಾದ್

ಉತ್ತರ: ಮೊದಲು ಜಾಗದ ಮಾತು. ಕಾಲುವೆಯಲ್ಲಿ ಬೇಡ. ತುಂಗಭದ್ರಾ ಕಾಲುವೆಯ ಸೆಳೆತಕ್ಕೆ ಈಜು ಬಲ್ಲವರೂ ಸಿಕ್ಕಿಕೊಂಡಿದ್ದಾರೆ. ಮಾದರಿ ಹೋಯಿತೆಂದು ಇಳಿಯುವ ಯೋಚನೆಯನ್ನೂ ಮಾಡಬೇಡಿ. ಹಿನ್ನೀರಿನ ಆಳವೂ ಮೊಸಳೆಯೂ ನಿಮಗೆ ಗೊತ್ತೇ ಇವೆ. ಅಣೆಕಟ್ಟಿನ ಕೆಳಗಿನ ಹೊಳೆಯೂ ಬೇಡ: ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಅವುಗಳ ಮನೆಯಲ್ಲಿ ನಮ್ಮ ಪ್ರೊಪೆಲ್ಲರ್ ತಿರುಗುವುದು ಸರಿಯಲ್ಲ. ಪರಿಚಯದವರ ಕೃಷಿ ಹೊಂಡ ನೋಡಿಕೊಳ್ಳಿ. ಅಲ್ಲಿಯೂ ಎಚ್ಚರ ಬೇಕು. ಹೊಂಡದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಒಳಗೆ ಜಾರಿದವರು ತಾವಾಗಿ ಹತ್ತಿ ಬರಲಾರರು. ದಡದ ಗೂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಬಿಡಿ, ಗಾಳಿ ತುಂಬಿದ ಟ್ಯೂಬ್ ಇಟ್ಟುಕೊಳ್ಳಿ, ಹಿರಿಯರೊಬ್ಬರು ಜೊತೆಗಿರಲಿ.

ಇನ್ನು ಮಾದರಿ. ಸಿಗ್ನಲ್ ಕಡಿದರೆ ಅದು ತಾನಾಗಿ ಮೇಲೆ ಬರಬೇಕು, ಮಾಡುವಾಗಲೇ ಇದಕ್ಕೆ ಏರ್ಪಾಡು ಇರಬೇಕು. ಸುಲಭದ ದಾರಿ ಹೀಗಿದೆ. ಒಡಲನ್ನು ನೀರಿನಲ್ಲಿ ಬಿಟ್ಟಾಗ ಗೋಪುರದ ತುದಿ ಮಾತ್ರ ಮೇಲೆ ಕಾಣುವಷ್ಟು ಹಗುರವಾಗಿ ಇಡಿ. ಪ್ರೊಪೆಲ್ಲರ್ ಮುಂದಕ್ಕೆ ತಳ್ಳುವಾಗ ಪಕ್ಕದ ರೆಕ್ಕೆಗಳನ್ನು ಕೆಳಮುಖ ಮಾಡಿದರೆ ಅದು ಇಳಿಯುತ್ತದೆ, ಮೋಟಾರ್ ನಿಂತರೆ ತಾನೇ ಏಳುತ್ತದೆ. ಟ್ಯಾಂಕಿಗೆ ನೀರು ತುಂಬಿ ಮುಳುಗುವ ಮಾದರಿ ಚೆಂದವೇ, ಆದರೆ ಮೊದಲ ಮಾದರಿಗೆ ನಾನು ಅದನ್ನು ಹೇಳುವುದಿಲ್ಲ.

2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಫೇಲ್‌ಸೇಫ್ ಎಂಬ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಸಿಗ್ನಲ್ ಹೋದಾಗ ಯಾವ ಸರ್ವೊ ಎಲ್ಲಿ ನಿಲ್ಲಬೇಕು ಎಂದು ಮೊದಲೇ ಕಲಿಸಿಡಬಹುದು. ಮೋಟಾರ್ ಬಂದ್, ರೆಕ್ಕೆ ಮೇಲ್ಮುಖ, ಟ್ಯಾಂಕ್ ಇದ್ದರೆ ಖಾಲಿ. ಇದನ್ನು ಕಲಿಸದೆ ಬಿಟ್ಟರೆ ಕೆಲವು ರಿಸೀವರುಗಳು ಕೊನೆಯ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಕೊನೆಯ ಆಜ್ಞೆ "ಇಳಿ" ಎಂದಾಗಿದ್ದರೆ ಇಳಿಯುತ್ತಲೇ ಹೋಗುತ್ತದೆ. ನಿಮ್ಮದಕ್ಕೆ ಹೀಗೆಯೇ ಆಗಿರಬಹುದು. ಹೊಂಡಕ್ಕೆ ಒಯ್ಯುವ ಮೊದಲು ತೊಟ್ಟಿಯಲ್ಲಿ ಮೋಟಾರ್ ಓಡುತ್ತಿರುವಾಗಲೇ ರಿಮೋಟ್ ಆರಿಸಿ ನೋಡಿ. ನಿಲ್ಲದಿದ್ದರೆ ಮನೆಗೆ ಒಯ್ದು ಸರಿಪಡಿಸಿ, ಅಂದು ನೀರಿಗೆ ಬಿಡಬೇಡಿ. ಫೇಲ್‌ಸೇಫ್ ಸರಿಯಾಗಿದ್ದರೆ 2.4ರ ದೌರ್ಬಲ್ಯವೇ ಕಾವಲಾಗುತ್ತದೆ: ಒಂದು ಗೇಣು ದಾಟಿದ ಕೂಡಲೆ ಸಿಗ್ನಲ್ ಕಡಿದು ಮಾದರಿ ಮೇಲೆ ಬರುತ್ತದೆ. 27 ಮೆಗಾಹರ್ಟ್ಸ್‌ನಂಥ ಹಳೆಯ ರಿಮೋಟ್ ಸೆಟ್ಟುಗಳಲ್ಲಿ ಈ ಏರ್ಪಾಡು ಸಾಮಾನ್ಯವಾಗಿ ಇಲ್ಲ, ರಿಸೀವರಿಗೂ ಸ್ಪೀಡ್ ಕಂಟ್ರೋಲರಿಗೂ ನಡುವೆ ಬೇರೆ ಫೇಲ್‌ಸೇಫ್ ಘಟಕ ಸೇರಿಸಬೇಕು.

ಪ್ರಶ್ನೆ: ಮೊದಲ ಕಾಲು ಗಂಟೆ ಎಲ್ಲವೂ ಸರಿ. ಆಮೇಲೆ ಮೋಟಾರ್ ಬಿಟ್ಟು ಬಿಟ್ಟು ಓಡುತ್ತದೆ, ಸರ್ವೊಗಳು ತಡವಾಗಿ ತಿರುಗುತ್ತವೆ. ಹೊರತೆಗೆದು ನೆರಳಿನಲ್ಲಿ ಇಟ್ಟರೆ ಮತ್ತೆ ಸರಿ.
— ಶಾಲಾ ಶಿಕ್ಷಕರು, ರಾಯಚೂರು

ಉತ್ತರ: ನೆರಳಿನಲ್ಲಿ ಇಟ್ಟರೆ ಸರಿಹೋಗುತ್ತದೆ ಎಂಬುದೇ ಸುಳಿವು, ಸರ್. ಮುಚ್ಚಿದ ಕೊಳವೆಯೊಳಗೆ ಸ್ಪೀಡ್ ಕಂಟ್ರೋಲರ್ ಕಾಯುತ್ತದೆ, ಗಾಳಿಯಾಡುವುದಿಲ್ಲ. ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ಮೋಟಾರನ್ನು ಕಡಿದು ಕಡಿದು ಕೊಡುತ್ತದೆ. ರಾಯಚೂರಿನ ಬಿಸಿಲಿನಲ್ಲಿ ದಡದ ಮೇಲೆ ಹತ್ತು ನಿಮಿಷ ಇಟ್ಟು ಆಮೇಲೆ ನೀರಿಗೆ ಬಿಟ್ಟರೆ ಕಾವು ಅರ್ಧ ಅಲ್ಲಿಯೇ ಏರಿರುತ್ತದೆ. ಕೊಳವೆಯ ಒಂದು ಕೊನೆಗೆ ಪ್ಲಾಸ್ಟಿಕ್ ಬದಲು ಅಲ್ಯೂಮಿನಿಯಂ ಬಿರಡೆ ಹಾಕಿ, ಕಂಟ್ರೋಲರಿನ ಬೆನ್ನನ್ನು ಅದಕ್ಕೆ ಒತ್ತಿ ಕೂರಿಸಿ. ಹೊರಗಿನ ನೀರು ಶಾಖವನ್ನು ಎಳೆದುಕೊಳ್ಳುತ್ತದೆ. ಆಂಟೆನಾ ಮಾತ್ರ ಆ ಲೋಹದಿಂದ ದೂರವಿರಲಿ.

ಸರ್ವೊ ತಡವಾಗುವುದು ಬ್ಯಾಟರಿ ಕುಸಿತದಿಂದಲೂ ಆಗಬಹುದು. ವೋಲ್ಟೇಜನ್ನು ಮೋಟಾರ್ ಓಡುವಾಗಲೇ ಅಳೆಯಿರಿ, ನಿಂತಾಗ ಅಳೆದ ಸಂಖ್ಯೆ ಎಲ್ಲ ಬ್ಯಾಟರಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕೊಳವೆ ತೆರೆದಾಗ ಒಳಗೋಡೆಯ ಮೇಲೆ ಮಂಜು ಕಂಡರೆ ಅದಕ್ಕೂ ಮದ್ದಿದೆ. ದಡದಲ್ಲಿ ಒದ್ದೆ ಕೈಯಿಂದ ಬ್ಯಾಟರಿ ಬದಲಿಸಿದಾಗ ಒಳಗೆ ಬಿದ್ದ ಎರಡು ಹನಿ ಬಿಸಿಲಿಗೆ ಆವಿಯಾಗಿ, ನೀರಿಗಿಳಿದಾಗ ಮತ್ತೆ ಹನಿಯಾಗಿ ಸರ್ಕಿಟ್ ಹಲಗೆಯ ಮೇಲೆ ಕೂರುತ್ತದೆ. ಕೈ ಒರೆಸಿಕೊಳ್ಳಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಳಗಿಡಿ. ಪೊಟ್ಟಣದ ಕೆಳಗೆ ಒಂದು ತುಂಡು ಟಿಶ್ಯೂ ಕಾಗದವೂ ಇರಲಿ. ಅದು ತೊಯ್ದಿದ್ದರೆ ಮಂಜಲ್ಲ, ಸೋರಿಕೆ. ಪ್ರೊಪೆಲ್ಲರ್ ದಂಡದ ಬಳಿ ಹುಡುಕಿ.

ಪ್ರಶ್ನೆ: ಹಳೆಯ 27 ಮೆಗಾಹರ್ಟ್ಸ್ ಸೆಟ್ಟಿನ ಎರಡೂ ಕ್ರಿಸ್ಟಲ್ ತೆಗೆದು ಒರೆಸಿ ಹಾಕಿದೆ. ಅಂದಿನಿಂದ ಸೆಟ್ ಸತ್ತಿದೆ.
— ಕುಷ್ಟಗಿಯ ಓದುಗರು

ಉತ್ತರ: ಅದಲುಬದಲಾಗಿರಬಹುದು. ಕ್ರಿಸ್ಟಲ್ ಎಂದರೆ ಸೆಟ್ಟಿನ ಆವರ್ತನವನ್ನು ನಿಗದಿ ಮಾಡುವ ಬಿಡಿಭಾಗ. ರಿಮೋಟಿನ ಕ್ರಿಸ್ಟಲ್ ಮತ್ತು ರಿಸೀವರಿನ ಕ್ರಿಸ್ಟಲ್ ಒಂದೇ ಆವರ್ತನದವಲ್ಲ, ರಿಸೀವರಿನದು 455 ಕಿಲೋಹರ್ಟ್ಸ್ ಕಡಿಮೆ ಇರುತ್ತದೆ. ರಿಮೋಟಿನದು 27.145 ಆಗಿದ್ದರೆ ರಿಸೀವರಿನದು 26.690. ಮನೆಯಲ್ಲಿ ಹಳೆಯ ಎಎಂ ರೇಡಿಯೊ ಇದ್ದರೆ ಅದರೊಳಗೂ ಇದೇ 455 ಇರುತ್ತದೆ. ಕವಚದ ಮೇಲೆ ಸಂಖ್ಯೆಯನ್ನೋ ಟಿ, ಆರ್ ಎಂಬ ಅಕ್ಷರಗಳನ್ನೋ ಕೆತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಓದಿ, ದೊಡ್ಡ ಸಂಖ್ಯೆಯನ್ನು ರಿಮೋಟಿಗೆ ಹಾಕಿ. ಆಗಲೂ ಏಳದಿದ್ದರೆ ಒರೆಸುವಾಗ ಕ್ರಿಸ್ಟಲ್ ಕೆಳಗೆ ಬಿದ್ದಿತ್ತೇ ಎಂದು ನೆನಪು ಮಾಡಿಕೊಂಡು ಬರೆಯಿರಿ. ಒಳಗಿರುವುದು ತೆಳು ಸ್ಫಟಿಕದ ಬಿಲ್ಲೆ, ಸಿಮೆಂಟ್ ನೆಲಕ್ಕೆ ಒಂದು ಸಲ ಬಿದ್ದರೂ ಸೀಳಬಹುದು.